ಗುಡುಗು ಕೇಳುವ ಮೊದಲೇ ಮಿಂಚಿನ ಸುಳಿವು: ಎಎಸ್‌3935 ಸೆನ್ಸರ್ ಮೈಸೂರಿನ ಮನೆಗೆ ಒಗ್ಗುತ್ತದೆಯೇ?

ಭರಣಿ ಮಳೆಯ ದಿನಗಳಲ್ಲಿ, ಅಂದರೆ ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದ ತನಕ, ಮಧ್ಯಾಹ್ನ ಮೂರಾದರೆ ಸಾಕು, ತಾರಸಿ ಹತ್ತಿ ಮೋಡ ಎಲ್ಲಿ ಕಟ್ಟುತ್ತಿದೆ ಎಂದು ನೋಡುವವರಿಗೆ ಈ ಸೆನ್ಸರ್ ಹೇಳಿ ಮಾಡಿಸಿದ ವಸ್ತು. ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಬೋರ್ಡು, ಅದರ ಮೇಲೆ ಎಎಸ್‌3935 ಚಿಪ್ಪು, ಪಕ್ಕದಲ್ಲಿ ಒಂದು ಸುರುಳಿ ಆಂಟೆನಾ. ಮಿಂಚು ಹೊಡೆದಾಗ ಏಳುವ ರೇಡಿಯೊ ಅಲೆಯನ್ನು ಇದು 500 ಕಿಲೋಹರ್ಟ್ಸ್ ಸುತ್ತ ಹಿಡಿಯುತ್ತದೆ; ವ್ಯಾಪ್ತಿ 40 ಕಿ.ಮೀ. ಗುಡುಗು ಕಿವಿಗೆ ಬೀಳುವುದು ಸುಮಾರು 15 ಕಿ.ಮೀ. ಒಳಗೆ ಬಂದ ಮೇಲೆ. ನೀವು ದುಡ್ಡು ಕೊಡುವುದು ಆ ನಡುವಿನ 25 ಕಿ.ಮೀ.ಗೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಬರುವ ಮಳೆಗೆ ಅದು 50 ನಿಮಿಷದ ದಾರಿ. ಸಂಡಿಗೆ ಒಳಗೆ ತಂದು, ಟಿವಿ ಪ್ಲಗ್ ಕಿತ್ತು, ಕ್ಯಾಮೆರಾ ಹಿಡಿದು ಕಿಟಕಿಗೆ ಬರಲು ಧಾರಾಳ ಸಮಯ.

ದೂರವನ್ನು ಇದು ಮೆಟ್ಟಿಲು ಮೆಟ್ಟಿಲಾಗಿ ಹೇಳುತ್ತದೆ: 40, 37, 34, 31, 27, 24, 20, 17, 14, 12, 10, 8, 6, 5, ಕೊನೆಗೆ 1. ಒಂದು ಎಂದರೆ ನೆತ್ತಿಯ ಮೇಲೇ ಇದೆ ಎಂದರ್ಥ. ಮೈಸೂರು ನಗರದಿಂದ ನೇರ ಗೆರೆ ಎಳೆದರೆ 37 ಮಂಡ್ಯದ ಹತ್ತಿರ, 14 ಶ್ರೀರಂಗಪಟ್ಟಣ. ಆದರೆ ದಿಕ್ಕು ಗೊತ್ತಾಗುವುದಿಲ್ಲ, ಇದೇ ದೊಡ್ಡ ಕೊರತೆ. 20 ಎಂದು ತೋರಿಸಿದರೆ ಅದು ನಂಜನಗೂಡಿರಬಹುದು, ಪಾಂಡವಪುರದ ಕಡೆಯೂ ಇರಬಹುದು. ಇನ್ನೊಂದು ಮಾತು: ಆ ಅಂಕಿ ಒಂದು ಮಿಂಚಿನ ದೂರವಲ್ಲ. ಹಿಂದಿನ ಕೆಲವು ನಿಮಿಷಗಳ ಮಿಂಚುಗಳನ್ನೆಲ್ಲ ಸೇರಿಸಿ ಮೋಡದ ಮುಂಭಾಗ ಎಲ್ಲಿದೆ ಎಂದು ಹಾಕಿದ ಲೆಕ್ಕ. ಆದ್ದರಿಂದ ಒಂದು ಅಂಕಿಯನ್ನು ನಂಬಬೇಡಿ, ಅಂಕಿಗಳ ಓಟ ನೋಡಿ. 31, 24, 17 ಎಂದು ಇಳಿದರೆ ಮಳೆ ನಿಮ್ಮ ಕಡೆಗೇ ಬರುತ್ತಿದೆ.

ಕೆಲಸ ಕೆಡುವುದು ಹೆಚ್ಚಾಗಿ ಟ್ಯೂನಿಂಗ್‌ನಲ್ಲಿ. ಆಂಟೆನಾ 500 ಕಿಲೋಹರ್ಟ್ಸ್‌ಗೆ ಶೇ 3.5ರ ಒಳಗೆ ಹೊಂದಿಕೊಂಡಿರಬೇಕು. ಈ ಹೊಂದಿಕೆಗೆಂದೇ ಚಿಪ್ಪಿನ ಒಳಗೆ ಕೆಪಾಸಿಟರುಗಳಿವೆ, ಅಂದರೆ ವಿದ್ಯುತ್ ಹಿಡಿದಿಡುವ ಪುಟ್ಟ ಭಾಗಗಳು. 8 ಪಿಕೋಫ್ಯಾರಡ್‌ನ (ಅವುಗಳ ಅಳತೆ) ಹೆಜ್ಜೆಯಲ್ಲಿ 0ಯಿಂದ 120ರ ತನಕ ಸೇರಿಸಬಹುದು. ಆಂಟೆನಾದ ಕಂಪನವನ್ನು ಇಂಟರಪ್ಟ್ ಪಿನ್ನಿಗೆ, ಅಂದರೆ ಚಿಪ್ಪು ಸುಳಿವು ಕೊಡುವ ಕಾಲಿಗೆ, ಹರಿಸಿದರೆ ಅದು 16ರಿಂದ ಭಾಗವಾಗಿ ಬರುತ್ತದೆ. ಆ ಪಿನ್ನಿನಲ್ಲಿ ಒಂದು ಸೆಕೆಂಡಿನ ಪಲ್ಸ್ ಎಣಿಸಿ: 31,250 ಬಂದರೆ ಸರಿಯಾಗಿದೆ, 30,200ರಿಂದ 32,300ರ ನಡುವೆ ಇದ್ದರೂ ಪರವಾಗಿಲ್ಲ. ಕೆಲವು ಬೋರ್ಡುಗಳ ಕವರಿನ ಮೇಲೆ ಎಷ್ಟು ಪಿಕೋಫ್ಯಾರಡ್ ಸೇರಿಸಬೇಕೆಂದು ಬರೆದಿರುತ್ತಾರೆ, ಆದರೂ ಒಮ್ಮೆ ಅಳೆದೇ ಹಾಕಿ. ಇದನ್ನು ಬಿಟ್ಟುಬಿಟ್ಟವರೇ "ಎದುರಿಗೇ ಸಿಡಿಲು ಬಿದ್ದರೂ ಸುಮ್ಮನಿರುತ್ತದೆ" ಎಂದು ಬೇಸರಪಡುವುದು. ಸೆನ್ಸರನ್ನು ಓದುವ ಬೋರ್ಡಿಗೆ ಪ್ರೋಗ್ರಾಂ ಬರೆಯುವಾಗ ಇನ್ನೊಂದು ಎಚ್ಚರ: ಇಂಟರಪ್ಟ್ ಬಂದ ಕೂಡಲೇ ಚಿಪ್ಪಿನ ಉತ್ತರ ಓದಬೇಡಿ, 2 ಮಿಲಿಸೆಕೆಂಡ್ ಬಿಟ್ಟು ಓದಿ. ಉತ್ತರ 8 ಆದರೆ ಮಿಂಚು, 4 ಆದರೆ ಸುಳ್ಳು ಸಂಕೇತ, 1 ಆದರೆ ಸುತ್ತಲೂ ಗದ್ದಲ ಹೆಚ್ಚಾಗಿದೆ ಎಂದು.

ಗದ್ದಲದ ವಿಚಾರಕ್ಕೆ ಬಂದರೆ ನಮ್ಮ ಮನೆಗಳು ಈ ಚಿಪ್ಪಿಗೆ ಕಷ್ಟದ ಜಾಗ. ಮಿಕ್ಸಿ, ಸಂಪಿನ ಮೋಟಾರು, ಅಗ್ಗದ ಎಲ್‌ಇಡಿ ಬಲ್ಬಿನ ಡ್ರೈವರು, ಮೊಬೈಲ್ ಚಾರ್ಜರು, ಎಲ್ಲವೂ ಅದರ ಕಿವಿಗೆ ಮಿಂಚಿನಂತೆಯೇ ಕಿರುಚುತ್ತವೆ. ಅದಕ್ಕಿಂತ ತೊಂದರೆಯದು ಯುಪಿಎಸ್. ಗುಡುಗು ಶುರುವಾಯಿತು, ಕರೆಂಟು ಹೋಯಿತು, ಯುಪಿಎಸ್ ಗುಂಯ್ ಎಂದು ಹೊತ್ತಿಕೊಂಡಿತು. ಸೆನ್ಸರ್ ಬೇಕಾದ ಹೊತ್ತಿಗೆ ಸರಿಯಾಗಿ ಅದರ ಕಿವಿ ಕಿವುಡಾಯಿತು. ಯುಪಿಎಸ್ ಇರುವ ಮೂಲೆಯಿಂದ ಆದಷ್ಟು ದೂರದ ಕೋಣೆಯಲ್ಲಿಡಿ, ಕಿಟಕಿಯ ಕಬ್ಬಿಣದ ಸರಳಿಗೆ ಅಂಟಿಸಬೇಡಿ, ಚಾರ್ಜರಿನ ಬದಲು ಬ್ಯಾಟರಿ ಸೆಲ್ಲು ಕೊಡಿ. ಸೆನ್ಸರನ್ನು ಓದುವ ವೈಫೈ ಬೋರ್ಡಿನಿಂದಲೂ ಒಂದು ಗೇಣು ದೂರವಿರಲಿ. ತಾರಸಿಯ ಕಂಬಕ್ಕೆ ಕಟ್ಟುವ ಅಗತ್ಯವೇ ಇಲ್ಲ, ಗೋಡೆಯ ಒಳಗಿದ್ದರೂ ಅಲೆ ತಲುಪುತ್ತದೆ.

ಆಮೇಲೂ ಸುಳ್ಳು ಸಂಕೇತ ಬಂದರೆ ಸುಳ್ಳು ಸಂಕೇತ ಸೋಸುವ ವಾಚ್‌ಡಾಗ್ ಮತ್ತು ಸ್ಪೈಕ್ ರಿಜೆಕ್ಷನ್ ಎಂಬ ಸೆಟ್ಟಿಂಗ್ ಎರಡನ್ನೂ 2ರಿಂದ ಒಂದೊಂದೇ ಮೆಟ್ಟಿಲು ಏರಿಸಿ. ಒಮ್ಮೆಲೇ ಏರಿಸಿದರೆ ದೂರದ ಮಿಂಚೂ ಕೈತಪ್ಪುತ್ತದೆ. ಎಷ್ಟು ಮಿಂಚಿನ ನಂತರ ಎಚ್ಚರಿಸಬೇಕು ಎಂಬುದಕ್ಕೆ 1, 5, 9, 16 ಎಂಬ ಆಯ್ಕೆಗಳಿವೆ. ಊರೊಳಗಿನ ಮನೆಗೆ 5 ಹದವಾದದ್ದು.

ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂ ರೂಪಿಸಿದ ದಾಮಿನಿ ಆ್ಯಪ್ ಉಚಿತ, 20 ಮತ್ತು 40 ಕಿ.ಮೀ. ವೃತ್ತದಲ್ಲಿ ಮಿಂಚು ಬಿದ್ದ ಜಾಗವನ್ನೇ ನಕ್ಷೆಯಲ್ಲಿ ತೋರಿಸುತ್ತದೆ. ಸೆನ್ಸರ್ ಹೇಳಲಾರದ ದಿಕ್ಕು ಅಲ್ಲಿ ಸಿಗುತ್ತದೆ. ಹಾಗಾದರೆ ಸೆನ್ಸರ್ ಯಾಕೆ? ಬಿರುಗಾಳಿಗೆ ನೆಟ್‌ವರ್ಕ್ ಕೈಕೊಟ್ಟಾಗಲೂ ಇದು ದುಡಿಯುತ್ತದೆ, ನಿಮ್ಮದೇ ಮನೆಯ ದಾಖಲೆ ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಅಶ್ವಿನಿಯಲ್ಲಿ ಎಷ್ಟು ಗುಡುಗಿನ ದಿನ, ಕೃತ್ತಿಕೆಯಲ್ಲಿ ಎಷ್ಟು ಎಂದು ಬರೆದಿಡುವವರಿಗೆ ಅದರ ಬೆಲೆ ಗೊತ್ತು.

ಮಂಡ್ಯದ ಕಬ್ಬಿನ ಗದ್ದೆಯ ಪಂಪ್‌ಹೌಸಿಗೆ ಮಾತ್ರ ಇದನ್ನು ಒಯ್ಯಬೇಡಿ. ಸ್ಟಾರ್ಟರಿನ ಕಿಡಿಗೇ ದಿನವಿಡೀ ಕೂಗುತ್ತದೆ, ಕೊನೆಗೆ ಯಾರೂ ಕಿವಿಗೊಡುವುದಿಲ್ಲ. ಅಲ್ಲಿ ಮಿಂಚು ಕಂಡ ಕೂಡಲೇ ಗುಡುಗು ಕೇಳುವ ತನಕ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿ, ಅಷ್ಟು ಕಿ.ಮೀ. ದೂರ. ಮೂವತ್ತು ಎಣಿಸುವುದರೊಳಗೆ ಗುಡುಗಿದರೆ ತೆಂಗಿನ ಮರದ ಬುಡ ಬಿಟ್ಟು ಗಟ್ಟಿ ಮನೆ ಸೇರಿಕೊಳ್ಳಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ.