ರೆಕಾರ್ಡಿಂಗ್ ಕಂಪ್ಯೂಟರಿಗೆ ಇಂಟರ್ನೆಟ್ ಕೊಡದೆ ಫೈಲ್ ಹಂಚಿಕೆ: ಸೈನಾಲಜಿ ಡಿಎಸ್220 ಪ್ಲಸ್ ಜೊತೆ ನಾಲ್ಕೂವರೆ ವರ್ಷ

ಶಿರಸಿ ಹತ್ತಿರ, ಮನೆಗೆ ತಾಗಿದ ಕೋಣೆಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ತಾಳಮದ್ದಲೆ, ಯಕ್ಷಗಾನದ ಪದ, ಭಜನೆ, ಭಾವಗೀತೆ, ಜಾಸ್ತಿ ಬರುವುದು ಇವೇ. ರೆಕಾರ್ಡಿಂಗಿಗೆ ಅಂತಲೇ ಒಂದು ವಿಂಡೋಸ್ ಕಂಪ್ಯೂಟರ್ ಇಟ್ಟಿದ್ದೇನೆ. 2021ರ ಆಗಸ್ಟಿನಿಂದ, ಅಪ್‌ಡೇಟಿಗೆ ಅಂತ ಆಗೊಮ್ಮೆ ಈಗೊಮ್ಮೆ ಒಂದು ದಿನ ಬಿಟ್ಟರೆ, ಅದು ಇಂಟರ್ನೆಟ್ ಇಲ್ಲದೆಯೇ ಕೆಲಸ ಮಾಡುತ್ತಿದೆ. ಆದರೂ ರೆಕಾರ್ಡ್ ಆದ ಫೈಲು ಕೆಲವೇ ನಿಮಿಷದಲ್ಲಿ ಮನೆಯೊಳಗೆ ಕೂತ ತಮ್ಮನ ಲ್ಯಾಪ್‌ಟಾಪಿಗೆ ಸಿಗುತ್ತದೆ. ನಡುವೆ ನಿಂತು ಈ ಕೆಲಸ ಮಾಡುವುದು ಸೈನಾಲಜಿ ಡಿಎಸ್220 ಪ್ಲಸ್ ಅನ್ನುವ ಎರಡು ಡಿಸ್ಕಿನ ನ್ಯಾಸ್, ಅಂದರೆ ನೆಟ್‌ವರ್ಕಿಗೆ ಜೋಡಿಸಿ ಫೈಲು ಇಡುವ ಪೆಟ್ಟಿಗೆ.

ಮೊದಲು ನಮ್ಮಲ್ಲಿ ಎಲ್ಲವೂ ಪೆನ್‌ಡ್ರೈವಿನಲ್ಲೇ ಓಡಾಡುತ್ತಿತ್ತು. ಒಂದು ದಿನ ಹಾಡಲು ಬಂದವರೊಬ್ಬರು ಶ್ರುತಿಯ ಟ್ರ್ಯಾಕ್ ಹಾಕಿಕೊಂಡು ಬಂದರು. ಪೆನ್‌ಡ್ರೈವ್ ಚುಚ್ಚಿದ್ದೇ ತಡ, ನನ್ನ ಬೇರೆ ಡ್ರೈವಿನಲ್ಲಿದ್ದ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿ ಕಂಡವು. ಪಾಪ, ಅವರಿಗೂ ಗೊತ್ತಿರಲಿಲ್ಲ. ಫೈಲು ಹೋಗಿರಲಿಲ್ಲ, ವೈರಸ್ ಅವನ್ನು ಅಡಗಿಸಿಟ್ಟಿತ್ತು. ಆದರೆ ಎಲ್ಲ ಸರಿ ಮಾಡುವುದಕ್ಕೆ ಎರಡು ದಿನ ಹೋಯಿತು. ಮರುದಿನ ಬರಬೇಕಿದ್ದ ಭಾಗವತರಿಗೆ ಫೋನ್ ಮಾಡಿ ಬರಬೇಡಿ ಅಂತ ಹೇಳುವಾಗ ಬಹಳ ಬೇಜಾರಾಗಿತ್ತು.

ಆಮೇಲೆ ಪೆನ್‌ಡ್ರೈವ್ ಬಿಟ್ಟು ವೈಫೈ ಹಿಡಿದೆ. ಅಲ್ಲಿ ಇನ್ನೊಂದು ತೊಂದರೆ. ಬಫರ್ (ಶಬ್ದವನ್ನು ತುಂಡು ತುಂಡಾಗಿ ಹಿಡಿದಿಡುವ ಜಾಗ) 64 ಸ್ಯಾಂಪಲ್ ಇಟ್ಟರೆ 48 ಕಿಲೋಹರ್ಟ್ಸ್‌ನಲ್ಲಿ ಕಂಪ್ಯೂಟರಿಗೆ ಒಂದು ಸಲಕ್ಕೆ ಸಿಗುವ ಸಮಯ ಸುಮಾರು 1.3 ಮಿಲಿಸೆಕೆಂಡ್ ಅಷ್ಟೇ. ಅಷ್ಟರಲ್ಲಿ ಬೇರೆ ಯಾವ ಡ್ರೈವರಾದರೂ ಪ್ರೊಸೆಸರನ್ನು ಹಿಡಿದುಕೊಂಡರೆ ಹಾಡಿನಲ್ಲಿ 'ಟಿಕ್' ಅನ್ನುತ್ತದೆ. ಯಾವ ಡ್ರೈವರ್ ಎಷ್ಟು ಹೊತ್ತು ತಡೆಯುತ್ತದೆ ಅಂತ ತೋರಿಸುವ ಲೇಟೆನ್ಸಿಮಾನ್ ಸಾಫ್ಟ್‌ವೇರ್ ಹಾಕಿ ನೋಡಿದೆ. ವೈಫೈ ಆನ್ ಇದ್ದಾಗ ನೆಟ್‌ವರ್ಕ್ ಡ್ರೈವರ್ ಆಗಾಗ 2 ಮಿಲಿಸೆಕೆಂಡ್ ದಾಟುತ್ತಿತ್ತು. ವೈಫೈ ಕಾರ್ಡನ್ನು ಡಿವೈಸ್ ಮ್ಯಾನೇಜರಿನಲ್ಲಿ ಬಂದ್ ಮಾಡಿದ ಮೇಲೆ ಟಿಕ್ ಶಬ್ದವೂ ನಿಂತಿತು. ಅವತ್ತಿನಿಂದ ಅದು ಬಂದ್ ಆಗಿಯೇ ಇದೆ.

ಹಾಗಾದರೆ ಸುಮ್ನೆ ಕೇಬಲ್ ಎಳೆದು ರೂಟರಿಗೆ ಹಾಕಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು ಅನ್ನುತ್ತೇನೆ ನಾನು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವಾನಾಕ್ರೈ ರ‍್ಯಾನ್ಸಮ್‌ವೇರ್ ಹರಡಿದ್ದು ನೆನಪಿರಬಹುದು. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಫೈಲ್ ಹಂಚಿಕೆಗೆ ಬಳಸುವ ಹಳೆಯ ಎಸ್‌ಎಂಬಿ ಒಂದನೇ ಆವೃತ್ತಿಯ ತೂತಿನಿಂದಲೇ ಒಂದು ಕಂಪ್ಯೂಟರಿನಿಂದ ಪಕ್ಕದ ಕಂಪ್ಯೂಟರಿಗೆ ನುಗ್ಗಿತು. ಅದಕ್ಕೆ ಬೇಕಾದ ಪ್ಯಾಚ್ ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ರೆಕಾರ್ಡಿಂಗ್ ಮಾಡುವವರು 'ಚೆನ್ನಾಗಿ ನಡೀತಿದೆ, ಮುಟ್ಟೋದು ಬೇಡ' ಅಂತ ಅಪ್‌ಡೇಟ್ ತಡೆದು ಕೂರುವವರು. ಅಂಥ ಕಂಪ್ಯೂಟರನ್ನು ಮನೆಯ ಮೊಬೈಲು, ಟಿವಿ, ಮಕ್ಕಳ ಲ್ಯಾಪ್‌ಟಾಪ್ ಇರುವ ರೂಟರಿಗೆ ಜೋಡಿಸುವುದು ನನಗೆ ಒಪ್ಪಿಗೆಯಾಗಲಿಲ್ಲ.

ಈ ಪೆಟ್ಟಿಗೆಯನ್ನೇ ಆರಿಸಿದ್ದು ಒಂದೇ ಕಾರಣಕ್ಕೆ. ಇದರ ಹಿಂದೆ ಎರಡು ಗಿಗಾಬಿಟ್ ಲ್ಯಾನ್ ಪೋರ್ಟ್ ಇವೆ. ಒಂದನೇ ಪೋರ್ಟ್ ಮನೆಯ ರೂಟರಿಗೆ. ಎರಡನೆಯದರಿಂದ ಕ್ಯಾಟ್6 ಕೇಬಲ್ ನೇರವಾಗಿ ಸ್ಟುಡಿಯೋ ಕಂಪ್ಯೂಟರಿಗೆ. ನಡುವೆ ರೂಟರೂ ಇಲ್ಲ, ಸ್ವಿಚ್ಚೂ ಇಲ್ಲ. ಮನೆಯ ಕಡೆ ವಿಳಾಸ 192.168.1ರಿಂದ ಶುರುವಾಗುತ್ತದೆ. ಸ್ಟುಡಿಯೋ ಕಡೆ ನಾನೇ ಕೈಯಾರೆ ಕೊಟ್ಟೆ: ನ್ಯಾಸ್‌ಗೆ 10.10.10.1, ಕಂಪ್ಯೂಟರಿಗೆ 10.10.10.2, ಮಾಸ್ಕ್ 255.255.255.0. ಗೇಟ್‌ವೇ (ಹೊರಗಿನ ನೆಟ್‌ವರ್ಕಿಗೆ ಹೋಗುವ ಬಾಗಿಲು) ಮತ್ತು ಡಿಎನ್‌ಎಸ್ (ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವುದು) ಜಾಗ ಖಾಲಿ ಬಿಟ್ಟೆ. ಹೊರಗೆ ಹೋಗುವ ದಾರಿಯನ್ನೇ ಹೇಳಿಕೊಡದಿದ್ದರೆ ಕಂಪ್ಯೂಟರ್ ಎಲ್ಲಿಗೆ ಹೋದೀತು? ನ್ಯಾಸ್ ಕೂಡ ನಾವು ಹೇಳದೆ ಒಂದು ಪೋರ್ಟಿನ ಮಾತನ್ನು ಇನ್ನೊಂದಕ್ಕೆ ದಾಟಿಸುವುದಿಲ್ಲ.

ಮೊದಲ ವಾರ ನಾನೊಂದು ತಪ್ಪು ಮಾಡಿದ್ದೆ. ಎರಡೂ ಪೋರ್ಟಿಗೆ 192.168.1ರ ಸಾಲಿನ ವಿಳಾಸವನ್ನೇ ಕೊಟ್ಟಿದ್ದೆ. ಒಮ್ಮೆ ಡ್ರೈವ್ ಕಾಣುತ್ತಿತ್ತು, ಒಮ್ಮೆ ಇಲ್ಲ. ಎರಡು ಪೋರ್ಟಿನ ವಿಳಾಸದ ಸಾಲು ಬೇರೆ ಬೇರೆ ಇರಲೇಬೇಕು.

ಗೇಟ್‌ವೇ ಇಲ್ಲದ ನೆಟ್‌ವರ್ಕನ್ನು ವಿಂಡೋಸ್ ಗುರುತು ಸಿಗದ್ದು ಅಂತ ತೋರಿಸಿ 'ಪಬ್ಲಿಕ್' ಅಂತ ಇಡುತ್ತದೆ. ಅದನ್ನು 'ಪ್ರೈವೇಟ್' ಮಾಡಲು ಹೋಗಬೇಡಿ. ಪಬ್ಲಿಕ್ ಇದ್ದರೆ ಹೊರಗಿನಿಂದ ಒಳಬರುವ ಬಾಗಿಲು ಮುಚ್ಚಿರುತ್ತದೆ. ನಮಗೆ ಬೇಕಾದ್ದೂ ಅದೇ. ಸ್ಟುಡಿಯೋ ಕಂಪ್ಯೂಟರ್ ತನ್ನ ಒಂದು ಫೋಲ್ಡರನ್ನೂ ಹಂಚುವುದಿಲ್ಲ. ತಾನಾಗಿ ನ್ಯಾಸ್‌ಗೆ ಹೋಗಿ ಫೈಲು ಇಟ್ಟು ಬರುತ್ತದೆ, ಬೇಕಾದ್ದನ್ನು ತೆಗೆದುಕೊಂಡು ಬರುತ್ತದೆ.

ನ್ಯಾಸ್‌ನಲ್ಲಿ ಮೂರು ಫೋಲ್ಡರ್ ಮಾಡಿದ್ದೇನೆ. 'ಸೆಷನ್' ಫೋಲ್ಡರಿಗೆ ಸ್ಟುಡಿಯೋ ಬರೆಯಬಹುದು, ತಮ್ಮನ ಲ್ಯಾಪ್‌ಟಾಪ್ ಓದಬಹುದು ಅಷ್ಟೇ. 'ಹೊರಗಿನದು' ಫೋಲ್ಡರಿಗೆ ತಮ್ಮ ಬರೆಯುತ್ತಾನೆ, ಸ್ಟುಡಿಯೋ ಓದುತ್ತದೆ. ಬೆಂಗಳೂರಿನಿಂದ ಯಾರೋ ಕೊಳಲು ನುಡಿಸಿ ಕಳಿಸಿದರೆ ಮೊದಲು ಲ್ಯಾಪ್‌ಟಾಪಿನಲ್ಲಿ ಸ್ಕ್ಯಾನ್ ಮಾಡಿ, ವೇವ್ ಫೈಲು ಮಾತ್ರ ಅಲ್ಲಿಗೆ ಹಾಕುತ್ತಾನೆ. ಜಿಪ್ ಕೂಡ ಹಾಕುವ ಹಾಗಿಲ್ಲ. ಮೂರನೆಯದು 'ಮಿಕ್ಸ್', ಇಬ್ಬರಿಗೂ ಸೇರಿದ್ದು. ಇಬ್ಬರ ಲಾಗಿನ್ ಬೇರೆ, ಪಾಸ್‌ವರ್ಡ್ ಬೇರೆ. ಗೆಸ್ಟ್ ಖಾತೆ ಬಂದ್. ಎಸ್‌ಎಂಬಿ ಕನಿಷ್ಠ ಎರಡನೇ ಆವೃತ್ತಿ ಇರಲಿ ಅಂತ ಸೆಟ್ಟಿಂಗಿನಲ್ಲೇ ಹೇಳಬಹುದು, ಅದನ್ನು ಮೊದಲ ದಿನವೇ ಮಾಡಿದೆ.

ವೇಗ ಸಾಕಾ? ನಮ್ಮಂಥವರಿಗೆ ಧಾರಾಳ ಸಾಕು. 24 ಬಿಟ್, 48 ಕಿಲೋಹರ್ಟ್ಸ್‌ನಲ್ಲಿ ಒಂದು ಮೊನೊ ಟ್ರ್ಯಾಕ್ ನಿಮಿಷಕ್ಕೆ 8.64 ಎಂಬಿ ಆಗುತ್ತದೆ. ಭಾಗವತರು, ಮದ್ದಲೆ, ಚಂಡೆ, ಮೂವರು ಅರ್ಥಧಾರಿಗಳು, ಕೋಣೆಯ ಎರಡು ಮೈಕು ಅಂತ ಎಂಟು ಟ್ರ್ಯಾಕಿನಲ್ಲಿ ಮೂರು ತಾಸಿನ ತಾಳಮದ್ದಲೆ ಹಿಡಿದರೆ ಸುಮಾರು 12.4 ಜಿಬಿ. ಈ ಕೇಬಲ್ಲಿನಲ್ಲಿ ನನಗೆ ಸೆಕೆಂಡಿಗೆ 110 ಎಂಬಿ ಹತ್ತಿರ ಸಿಗುತ್ತದೆ. ಅರ್ಥಧಾರಿಗಳು ಚಹಾ ಕುಡಿದು ಮುಗಿಸುವ ಮೊದಲೇ ಕಾಪಿ ಆಗಿರುತ್ತದೆ.

ಆದರೆ ನೇರವಾಗಿ ನ್ಯಾಸ್‌ಗೇ ರೆಕಾರ್ಡ್ ಮಾಡಬೇಡಿ. ಕೇಬಲ್ ಒಂದು ಕ್ಷಣ ಸಡಿಲವಾದರೂ ಆ ಟೇಕ್ ಹೋಯಿತು. ಅರ್ಥಗಾರಿಕೆ ಆ ಕ್ಷಣಕ್ಕೆ ಹುಟ್ಟುವ ಮಾತು, ಇನ್ನೊಮ್ಮೆ ಹಾಗೆಯೇ ಹೇಳಿ ಅಂದರೆ ಬರುವುದಿಲ್ಲ. ನಾನು ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಬಳಸುತ್ತೇನೆ. ಅದರ ಪ್ರಾಜೆಕ್ಟ್ ಯಾವಾಗಲೂ ಕಂಪ್ಯೂಟರಿನ ಒಳಗಿನ ಎಸ್‌ಎಸ್‌ಡಿಯಲ್ಲೇ ಇರುತ್ತದೆ. ಎಲ್ಲ ಮುಗಿದ ಮೇಲೆ ಕಾಪಿ.

ಇಂಟರ್ನೆಟ್ ಇಲ್ಲದ ಕಷ್ಟವನ್ನೂ ಹೇಳಬೇಕು. ರೀಪರಿಗೆ ಲೈಸೆನ್ಸ್ ಫೈಲು ಕೊಟ್ಟರೆ ಸಾಕು. ಐಲಾಕ್ ಅನ್ನುವ ಲೈಸೆನ್ಸ್ ವ್ಯವಸ್ಥೆ ಬೇಕಾದ ಪ್ಲಗಿನ್‌ಗಳಿಗೆ (ರೀಪರಿಗೆ ಸೇರಿಸುವ ಚಿಕ್ಕ ಸಾಫ್ಟ್‌ವೇರ್) ಯುಎಸ್‌ಬಿ ಡಾಂಗಲ್ ಇದೆ, ಲ್ಯಾಪ್‌ಟಾಪಿನಲ್ಲಿ ಲೈಸೆನ್ಸ್ ತುಂಬಿಸಿ ತಂದು ಚುಚ್ಚುತ್ತೇನೆ. ಪದೇ ಪದೇ ಆನ್‌ಲೈನ್ ಲಾಗಿನ್ ಕೇಳುವವನ್ನು ಬಿಟ್ಟುಬಿಟ್ಟೆ. ಅವುಗಳಲ್ಲಿ ಒಂದು ರಿವರ್ಬ್ ನನಗೆ ಬಹಳ ಇಷ್ಟವಾಗಿತ್ತು. ಮೂರು ತಿಂಗಳಿಗೊಮ್ಮೆ ಡಿಸ್ಕಿನ ಪೂರ್ತಿ ಇಮೇಜ್ ತೆಗೆದಿಟ್ಟು, ಒಂದು ದಿನ ರೂಟರಿಗೆ ಜೋಡಿಸಿ ಅಪ್‌ಡೇಟ್ ಮಾಡುತ್ತಿದ್ದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಅಪ್‌ಡೇಟ್ ನಿಂತಿತು. ಆಮೇಲೆ ಆ ಒಂದು ದಿನದ ಸಂಪರ್ಕವೂ ಇಲ್ಲ. ಗಡಿಯಾರ ಹಿಂದೆ ಮುಂದೆ ಆಗುತ್ತಿತ್ತು. ನ್ಯಾಸ್‌ನಲ್ಲೇ ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವಿಸ್ ಇದೆ ಅಂತ ತಡವಾಗಿ ತಿಳಿಯಿತು. ಈಗ ಕಂಪ್ಯೂಟರ್ ಅದರಿಂದಲೇ ಸಮಯ ತಿಳಿದುಕೊಳ್ಳುತ್ತದೆ.

ನ್ಯಾಸ್ ಮಾತ್ರ ರೂಟರಿಗೆ ಅಂಟಿಕೊಂಡಿರುತ್ತದೆ, ಹಾಗಾಗಿ ಕಾವಲು ಅದಕ್ಕೆ ಬೇಕು. 2014ರಲ್ಲಿ ಸೈನೋಲಾಕರ್ ಅನ್ನುವ ರ‍್ಯಾನ್ಸಮ್‌ವೇರ್, ಹಳೆಯ ಸಾಫ್ಟ್‌ವೇರಿನಲ್ಲಿ ಇಂಟರ್ನೆಟ್ಟಿಗೆ ತೆರೆದುಕೊಂಡಿದ್ದ ಇದೇ ಕಂಪನಿಯ ಪೆಟ್ಟಿಗೆಗಳಿಗೆ ಬೀಗ ಹಾಕಿತ್ತು. ಮನೆಯ ಹೊರಗಿನಿಂದ ನ್ಯಾಸ್ ತಲುಪಲು ಇರುವ ಕ್ವಿಕ್‌ಕನೆಕ್ಟ್ ನಾನು ಆನ್ ಮಾಡಿಲ್ಲ. ರೂಟರಿನಲ್ಲಿ ಯಾವ ಪೋರ್ಟನ್ನೂ ತೆರೆದಿಲ್ಲ, ತಾನಾಗಿ ಪೋರ್ಟ್ ತೆರೆಯುವ ಯುಪಿಎನ್‌ಪಿ ಬಂದ್. 'ಅಡ್ಮಿನ್' ಹೆಸರಿನ ಖಾತೆ ನಿಲ್ಲಿಸಿ ಬೇರೆ ಹೆಸರಿಟ್ಟೆ. ನ್ಯಾಸ್ ನಡೆಸುವ ಡಿಎಸ್‌ಎಂ ಸಾಫ್ಟ್‌ವೇರಿಗೆ ಅಪ್‌ಡೇಟ್ ಬಂದರೆ ಅದೇ ವಾರ ಹಾಕುತ್ತೇನೆ.

ನನಗೆ ತುಂಬಾ ಉಪಯೋಗವಾಗಿದ್ದು ಬಿಟಿಆರ್‌ಎಫ್‌ಎಸ್ ಅನ್ನುವ ಫೈಲ್ ವ್ಯವಸ್ಥೆಯ ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿಗೆ ಫೋಲ್ಡರ್ ಹೇಗಿತ್ತೋ ಹಾಗೇ ನೆನಪಿಟ್ಟುಕೊಳ್ಳುವುದು. ತಾಸಿಗೊಂದು ತೆಗೆಯುತ್ತದೆ. ಒಂದು ರಾತ್ರಿ ಜಾಗ ಖಾಲಿ ಮಾಡಲು ಹೋಗಿ 'ಸೆಷನ್'ನಿಂದ ಬೇರೆ ಫೋಲ್ಡರನ್ನೇ ಅಳಿಸಿಬಿಟ್ಟಿದ್ದೆ. ಬೆಳಿಗ್ಗೆ ತಮ್ಮ ಬಂದು, "ಅಣ್ಣ, ನಿನ್ನೆ ಮಾಡಿದ್ದ ಪ್ರಸಂಗವೇ ಕಾಣ್ತಾ ಇಲ್ವಲ್ಲ" ಅಂದ. ಎದೆ ಧಸಕ್ಕೆಂದಿತು. ಹಿಂದಿನ ಸಂಜೆ 7 ಗಂಟೆಯ ಸ್ನ್ಯಾಪ್‌ಶಾಟ್ ತೆರೆದೆವು. ಎಂಟೂ ಟ್ರ್ಯಾಕ್ ಇದ್ದವು.

2024ರಲ್ಲಿ ಒಂದು ಡಿಸ್ಕ್ ಕೆಟ್ಟಿತು. ಪೆಟ್ಟಿಗೆ ಬೀಪ್ ಬೀಪ್ ಅಂತ ಕೂಗಿತು. ಎರಡೂ ಡಿಸ್ಕಿನಲ್ಲಿ ಒಂದೇ ಮಾಹಿತಿ ಇರುವ ಹಾಗೆ ಇಟ್ಟಿದ್ದರಿಂದ ಹೊಸ ಡಿಸ್ಕ್ ಹಾಕುವವರೆಗೂ ಕೆಲಸ ನಿಲ್ಲಲಿಲ್ಲ. ಇದನ್ನು ಬ್ಯಾಕಪ್ ಅಂದುಕೊಳ್ಳಬೇಡಿ. ಸಿಡಿಲು ಹೊಡೆದರೆ ಎರಡೂ ಒಟ್ಟಿಗೆ ಹೋಗುತ್ತವೆ. ವಾರಕ್ಕೊಮ್ಮೆ ಯುಎಸ್‌ಬಿ ಡಿಸ್ಕಿಗೆ ಹೈಪರ್ ಬ್ಯಾಕಪ್ ಮಾಡಿ ಅಕ್ಕನ ಮನೆಯಲ್ಲಿಡುತ್ತೇನೆ.

ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಗುಡುಗು ಸಿಡಿಲು ಜೋರು. ಒಂದು ಸಂಜೆ ಮನೆಯ ರೂಟರ್ ಸುಟ್ಟುಹೋಯಿತು. ಅವತ್ತು ಅದೃಷ್ಟಕ್ಕೆ ನ್ಯಾಸ್ ಕೇಬಲ್ ತೆಗೆದಿಟ್ಟಿದ್ದೆ. ಆಮೇಲೆ ರೂಟರ್ ಮತ್ತು ನ್ಯಾಸ್ ನಡುವೆ ಎರಡು ಮೀಡಿಯಾ ಕನ್ವರ್ಟರ್ (ತಾಮ್ರದ ಕೇಬಲ್ಲಿನ ಸಂಕೇತವನ್ನು ಬೆಳಕಾಗಿ ಬದಲಿಸುವ ಪೆಟ್ಟಿಗೆ) ಇಟ್ಟು ಫೈಬರ್ ಹಾಕಿದೆ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಮಲೆನಾಡಿನವರು ಈ ಖರ್ಚಿಗೆ ಹಿಂದೆ ಮುಂದೆ ನೋಡಬೇಡಿ. ಯುಪಿಎಸ್ ಅಂತೂ ಬೇಕೇ ಬೇಕು. ಯುಎಸ್‌ಬಿ ಕೇಬಲ್ ಜೋಡಿಸಿದರೆ ಬ್ಯಾಟರಿ ಮುಗಿಯುವ ಮೊದಲು ನ್ಯಾಸ್ ತಾನಾಗಿ ಫೈಲು ಭದ್ರ ಮಾಡಿಕೊಂಡು ನಿಲ್ಲುತ್ತದೆ.

ಡಿಸ್ಕ್ ತಿರುಗುವ ಗರಗರ ಶಬ್ದ ಮೈಕಿಗೆ ಕೇಳುತ್ತದೆ. ಆದ್ದರಿಂದ ಪೆಟ್ಟಿಗೆ ಸ್ಟುಡಿಯೋದಲ್ಲಿಲ್ಲ, ಮನೆಯ ಜಗಲಿಯ ಕಪಾಟಿನಲ್ಲಿದೆ. ಗಿಗಾಬಿಟ್ ಕೇಬಲ್ 100 ಮೀಟರಿನವರೆಗೆ ಎಳೆಯಬಹುದು, ನನ್ನದು 22 ಮೀಟರ್. ಇದರಲ್ಲಿರುವ 2 ಜಿಬಿ ರ‍್ಯಾಮ್ ಫೈಲ್ ಹಂಚಿಕೆಗೆ ಸಾಕು.

ಈಗ ಕೊಳ್ಳುವವರಿಗೆ ಈ ಮಾದರಿಯ ಬದಲು 2023ರಲ್ಲಿ ಬಂದ ಡಿಎಸ್224 ಪ್ಲಸ್ ಇದೆ, ಅದರಲ್ಲೂ ಎರಡು ಗಿಗಾಬಿಟ್ ಪೋರ್ಟ್. ಡಿಎಸ್225 ಪ್ಲಸ್‌ನಲ್ಲಿ ಒಂದು 2.5 ಗಿಗಾಬಿಟ್, ಒಂದು 1 ಗಿಗಾಬಿಟ್. ಅದನ್ನು ತಂದರೆ ವೇಗದ ಪೋರ್ಟನ್ನು ಸ್ಟುಡಿಯೋಗೆ ಕೊಡಿ. ಡಿಎಸ್223ಕ್ಕೆ ಇರುವುದು ಒಂದೇ ಪೋರ್ಟ್, ಹಾಗಾಗಿ ಮೇಲೆ ಹೇಳಿದ ರೀತಿ ಅದರಲ್ಲಿ ಆಗುವುದಿಲ್ಲ. ಅಂಗಡಿಯಲ್ಲಿ ಪೆಟ್ಟಿಗೆಯ ಹಿಂಭಾಗ ತಿರುಗಿಸಿ ಪೋರ್ಟ್ ಎಣಿಸಿಕೊಂಡೇ ದುಡ್ಡು ಕೊಡಿ.