ಮಗಳ ರೆಪ್ಪೆ ಮೇಲಿನ ಕೆಂಪು ಗಂಟು: ಕಾಯೋದಾ, ಡ್ರಾಪ್ಸಾ, ಮಾತ್ರೆನಾ?

ಮೊದಲೇ ಹೇಳ್ಬಿಡ್ತೀನಿ, ನಮ್ಮ ಮಗೂಗೆ ಆಗಿದ್ದು ಹೆಮಾಂಜಿಯೋಮ (ಹಸುಗೂಸುಗಳಲ್ಲಿ ರಕ್ತನಾಳಗಳು ಗಂಟಾಗಿ ಬೆಳೆಯೋದು), ಅದಕ್ಕೆ ಕೆಲಸ ಮಾಡಿದ್ದು ಬಾಯಿಗೆ ಕೊಡೋ ಪ್ರೊಪ್ರನೊಲಾಲ್ ಅನ್ನೋ ಔಷಧಿ. ಮೂರು ವಾರ ಮುಂಚೆ ಶುರು ಮಾಡ್ಬೇಕಿತ್ತು ಅನ್ನೋ ಸಂಕಟ ಇನ್ನೂ ಹೋಗಿಲ್ಲ.

ಹುಟ್ಟಿ ಹದಿನೈದು ದಿನಕ್ಕೆ ಎಡಗಣ್ಣಿನ ರೆಪ್ಪೆ ಮೇಲೆ ರಾಗಿ ಕಾಳಷ್ಟು ಕೆಂಪು ಚುಕ್ಕೆ ಕಾಣಿಸ್ತು. ನಮ್ಮಮ್ಮ ಗ್ರಹಣದ ಮಚ್ಚೆ ಅಂದ್ರು, ಬಸುರಿಲಿ ಆಚೆ ಬಂದಿದ್ದಕ್ಕೇ ಹಿಂಗಾಯ್ತು ಅಂತ ನನ್ನ ಹೆಂಡ್ತಿ ಅಳ್ತಾ ಕೂತ್ಲು (ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲ, ದಯವಿಟ್ಟು ಯಾವ ಬಾಣಂತಿಗೂ ಹಂಗೆ ಅನ್ಬೇಡಿ). ತುಮಕೂರಲ್ಲಿ ಮೊದ್ಲು ತೋರಿಸಿದ ಕ್ಲಿನಿಕ್ಕಲ್ಲಿ ತಾನಾಗೇ ಕರಗುತ್ತೆ, ಕಾಯಿರಿ ಅಂದ್ರು. ಮಾತು ಸುಳ್ಳಲ್ಲ. ಹೆಮಾಂಜಿಯೋಮ ಕ್ಯಾನ್ಸರ್ ಅಲ್ಲ, ಬೆನ್ನಲ್ಲೋ ತೋಳಲ್ಲೋ ಚಿಕ್ಕದಿದ್ರೆ ಕಾದ್ರೆ ಸಾಕು, ನಾಲ್ಕು ವರ್ಷದೊಳಗೆ ಬಹುಪಾಲು ಇಳಿಯುತ್ತೆ. ಆದ್ರೆ ರೆಪ್ಪೆ ಮೇಲಿದ್ರೆ ಕಾಯಂಗಿಲ್ಲ, ಕಣ್ಣು ಮುಚ್ಚಿಕೊಂಡ್ರೆ ಆ ಕಣ್ಣಿನ ದೃಷ್ಟಿ ಸರಿಯಾಗಿ ಬೆಳೆಯಲ್ಲ. ಇದು ಜೋರಾಗಿ ಬೆಳೆಯೋದೇ ಐದರಿಂದ ಎಂಟನೇ ವಾರದಲ್ಲಿ, ನಾವು ಕಾಯ್ತಾ ಕೂತಿದ್ದೂ ಅದೇ ಟೈಮಲ್ಲಿ. ಏಳನೇ ವಾರಕ್ಕೆ ಹುಣಸೆ ಬೀಜದಷ್ಟಾಗಿ ಕಣ್ಣು ಅರ್ಧ ಮುಚ್ಚಿತ್ತು.

ಬೆಂಗಳೂರಲ್ಲಿ ಅಪಾಯಿಂಟ್‌ಮೆಂಟ್ ಸಿಗೋವರೆಗೂ ಇಲ್ಲಿನ ಚರ್ಮದ ಡಾಕ್ಟರ್ ಟಿಮೊಲಾಲ್ 0.5% ಕೊಟ್ರು, ಗ್ಲಾಕೋಮಾಗೆ (ಕಣ್ಣಿನ ಒತ್ತಡದ ಕಾಯಿಲೆ) ಹಾಕೋ ಡ್ರಾಪ್ಸೇ, ಗಂಟಿನ ಮೇಲೆ ದಿನಕ್ಕೆರಡು ಸಲ ಒಂದೊಂದು ಹನಿ. ಹತ್ತು ದಿನಕ್ಕೆ ಮೇಲುಮೇಲೆ ಬಣ್ಣ ಸ್ವಲ್ಪ ತಿಳಿಯಾಯ್ತು, ದಪ್ಪ ಇಳೀಲಿಲ್ಲ. ತೆಳ್ಳಗಿರೋದಕ್ಕೆ ಇದು ಚೆನ್ನಾಗಿದೆ, ನನ್ನ ತಮ್ಮನ ಮಗನಿಗೆ ಬೆನ್ನ ಮೇಲಿದ್ದಿದ್ದು ಇದರಲ್ಲೇ ಹೋಯ್ತು.

ಲೇಸರ್ ನಮಗೆ ಬೇಡ ಅಂದ್ರು ಡಾಕ್ಟರ್, ಅದು ಅಷ್ಟು ಆಳಕ್ಕೆ ಇಳಿಯಲ್ಲ.

ಬೆಂಗಳೂರಲ್ಲಿ ಬಯಾಪ್ಸಿ ಏನೂ ಮಾಡ್ಲಿಲ್ಲ. ಹುಟ್ಟಿದಾಗ್ಲೇ ಇತ್ತಾ ಆಮೇಲೆ ಬಂತಾ ಅಂತ ಕೇಳಿದ್ರು, ಹುಟ್ಟಿನಿಂದ್ಲೇ ಇದ್ದು ಮಾಸದೇ ಉಳಿಯೋ ಪೋರ್ಟ್‌ವೈನ್ ಕಲೆ ಬೇರೆಯಂತೆ. ಮೈಯೆಲ್ಲಾ ಹುಡುಕಿ ಇಂಥ ಗಂಟು ಎಷ್ಟಿದೆ ಅಂತ ಎಣಿಸಿದ್ರು, ಐದು ಅಥವಾ ಜಾಸ್ತಿ ಇದ್ರೆ ಲಿವರ್ ಸ್ಕ್ಯಾನ್ ಬೇಕಂತೆ, ನಮ್ಮದು ಒಂದೇ. ಇಸಿಜಿ ನೋಡಿ ಪ್ರೊಪ್ರನೊಲಾಲ್ ಬರೆದ್ರು.

ಇಲ್ಲಿಂದ ಶುರುವಾಯ್ತು ನಿಜವಾದ ಒದ್ದಾಟ. ತುಮಕೂರಿನ ಬಿ.ಎಚ್. ರೋಡಲ್ಲಿ ನಾಲ್ಕು ಮೆಡಿಕಲ್ ಶಾಪ್ ಸುತ್ತಿದ್ರೂ ಸಿರಪ್ ಇಲ್ಲ, ಇರೋದು 10 ಮಿಲಿಗ್ರಾಂ ಮಾತ್ರೆ. ಒಬ್ರಂತೂ ಇದು ಬಿಪಿ ಮಾತ್ರೆ, ಹಸುಗೂಸಿಗೆ ಯಾರು ಬರೆದ್ರು ಅಂದ್ಬಿಟ್ರು. ಕೈಕಾಲು ನಡುಗಿ ಅಲ್ಲಿಂದ್ಲೇ ಡಾಕ್ಟರ್‌ಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ಹೇಳಿದ್ರು, ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಮಗೂಗೆ ಹಾರ್ಟ್ ತೊಂದರೆಗೆ ಇದನ್ನ ಕೊಟ್ಟಾಗ ಗಂಟಿನ ಬಣ್ಣ ಮಾರನೇ ದಿನಕ್ಕೇ ಬದಲಾಗಿತ್ತು, 2008ರಲ್ಲಿ ಅದನ್ನ ಬರೆದು ಪ್ರಕಟಿಸಿದ್ರು, ಈಗ ಇದೇ ಮೊದಲ ಔಷಧಿ ಅಂತ.

ಮಾತ್ರೆನ 10 ಎಂಎಲ್ ಕಾಯಿಸಿ ಆರಿಸಿದ ನೀರಲ್ಲಿ ಕರಗಿಸಿದ್ರೆ ಒಂದು ಎಂಎಲ್‌ಗೆ ಒಂದು ಮಿಲಿಗ್ರಾಂ. ಅವಳ ತೂಕ ಆಗ 5 ಕೇಜಿ, ಮೊದಲ ವಾರ ಬೆಳಿಗ್ಗೆ 2.5 ಎಂಎಲ್, ಸಂಜೆ 2.5 ಎಂಎಲ್, ಆಮೇಲೆ ಡಬಲ್. ತಳದಲ್ಲಿ ಬಿಳಿ ಪುಡಿ ಕೂರುತ್ತೆ, ಅಲ್ಲಾಡಿಸದೆ ಎಳೆದ್ರೆ ಲೆಕ್ಕ ತಪ್ಪುತ್ತೆ, ಹಂಗಾಗಿ ನಾನು ಕಲಕ್ತಾ ಇದ್ರೆ ನನ್ನ ಹೆಂಡ್ತಿ ಟ್ಯೂಬ್‌ಲೈಟ್ ಕೆಳಗೆ ಸಿರಿಂಜ್ ಹಿಡಿದು ಗೆರೆ ನೋಡೋಳು, ಮಿಕ್ಕಿದ್ದು ಚೆಲ್ಲೋದು. ತೂಕ ಏರಿದಂಗೆ ಲೆಕ್ಕ ಬದಲಾಗುತ್ತೆ, ಡಾಕ್ಟರ್ ಹೇಳ್ದೆ ಯಾರೂ ಮಾಡ್ಬೇಡಿ. ಹಾಲು ಕುಡಿಸದೆ ಕೊಡಂಗಿಲ್ಲ, ಶುಗರ್ ಇಳಿಯುತ್ತೆ. ವಾಂತಿ ಆದ್ರೆ, ಹಾಲು ಬಿಟ್ರೆ ಆ ಡೋಸ್ ಬಿಡ್ಬೇಕು. ಒಂದ್ಸಲ ಶೀತ ಆಗಿ ಎದೆ ಗೊರಗೊರ ಅಂದಾಗ ಕೇಳಿ ಎರಡು ದಿನ ನಿಲ್ಲಿಸಿದ್ವಿ.

ಮೂರನೇ ದಿನಕ್ಕೆ ಕೆಂಪು ಮಂಕಾಗಿ ಗಂಟು ಮೆತ್ತಗಾಯ್ತು, ಎರಡು ವಾರಕ್ಕೆ ಕಣ್ಣು ಪೂರ್ತಿ ಬಿಟ್ಳು. ಶಿಫ್ಟ್ ಕೆಲಸ ಮಾಡೋ ನನಗೆ ದಿನಾ ಎರಡು ಹೊತ್ತು ತಪ್ಪದಂಗೆ ಕೊಡೋದು ಕಷ್ಟಾನೇ, ಆದ್ರೆ ಮಾತ್ರೆಗೆ ಖರ್ಚು ತೀರಾ ಕಮ್ಮಿ, ತಿಂಗಳಿಗೊಂದ್ಸಲ ಟ್ರೈನಲ್ಲಿ ಹೋಗಿ ಬರೋದೇ ದೊಡ್ಡ ಖರ್ಚು.

ಮುಂದಿನ ತಿಂಗಳು ವರ್ಷ ತುಂಬುತ್ತೆ, ಡೋಸ್ ಇಳಿಸ್ತಾರಂತೆ. ರೆಪ್ಪೆ ಮೇಲೆ ಈಗ ತಿಳಿ ಗುಲಾಬಿ ಬಣ್ಣದ ಸ್ವಲ್ಪ ಸುಕ್ಕು ಚರ್ಮ ಉಳಿದಿದೆ, ಅಷ್ಟೆ.