ಕ್ರೇಯಾನ್ ಗೀಟು ಅಳಿಸಲು ತಿನ್ನರ್ ಮನೆಯೊಳಗೆ ಬರುವುದು ಬೇಡ

ಗೋಡೆಯ ಮೇಲಿನ ಕ್ರೇಯಾನ್ ಗೀಟುಗಳನ್ನು ತೆಗೆಯುತ್ತೇವೆಂದು ಯಾರಾದರೂ ಪೇಂಟ್ ತೆಳುಮಾಡಲು ಬಳಸುವ ತಿನ್ನರ್, ಪೆಟ್ರೋಲ್ ಅಥವಾ ಸೀಮೆಎಣ್ಣೆ ಹಿಡಿದು ಬಂದರೆ ಬಾಗಿಲಲ್ಲೇ ನಿಲ್ಲಿಸಿ. ಮುಂಬೈಯಲ್ಲಿ ಬಾಡಿಗೆ ಮನೆಗಳಲ್ಲಿರುವ ಕನ್ನಡದವರಿಗಾಗಿ ಇದನ್ನು ಬರೆಯುತ್ತಿದ್ದೇನೆ. 11 ತಿಂಗಳ ಕರಾರು ಮುಗಿಯುವ ಹೊತ್ತಿಗೆ ಡಿಪಾಸಿಟ್ಟಿನ ಚಿಂತೆ ಶುರುವಾಗುತ್ತದೆ, ಗೋಡೆ ಉಜ್ಜಿಸಲು ಯಾರನ್ನಾದರೂ ಕರೆಸುತ್ತೇವೆ. ನಮ್ಮ ಮನೆಯಲ್ಲಿ ನಡೆದದ್ದು ಇನ್ನೊಂದು ಮನೆಯಲ್ಲಿ ನಡೆಯಬಾರದು.

ನಾವಿರುವುದು ಮುಲುಂಡಿನಲ್ಲಿ. ನಾಲ್ಕು ವರ್ಷದ ಮಗಳು ಹಾಲಿನ ಗೋಡೆಗೆ ತನ್ನ ಕೈ ಎಟುಕುವ ಎತ್ತರದಲ್ಲಿ, ಈ ತುದಿಯಿಂದ ಆ ತುದಿಯವರೆಗೆ, ನೇರಳೆ ಬಣ್ಣದ ಲೋಕಲ್ ರೈಲು ಬಿಡಿಸಿದ್ದಳು. ಮನೆ ಶುಚಿ ಮಾಡಿಕೊಡುವ ಸಂಸ್ಥೆಯೊಂದಕ್ಕೆ ಮುಂಗಡ ಕಟ್ಟಿ, ಮನೆಯಲ್ಲಿ ಚಿಕ್ಕ ಮಗು ಮತ್ತು ಉಬ್ಬಸವಿರುವ ಅತ್ತೆ ಇದ್ದಾರೆಂದು ಮೊದಲೇ ತಿಳಿಸಿ ಕರೆಸಿದ್ದೆವು. ಜುಲೈ ತಿಂಗಳ ಮಳೆ, ಎರಚಲು ಹೊಡೆಯುತ್ತಿದ್ದುದರಿಂದ ಕಿಟಕಿಗಳೆಲ್ಲ ಮುಚ್ಚಿದ್ದವು. ಬಂದ ಹುಡುಗ ಚೀಲದಿಂದ ಹಳೆಯ ಕುಡಿಯುವ ನೀರಿನ ಬಾಟಲಿಯೊಂದನ್ನು ತೆಗೆದ. ಚೀಟಿಯಿಲ್ಲ, ಒಳಗೆ ನೀರಿನಷ್ಟೇ ತಿಳಿಯಾದ ದ್ರವ. ಏನಿದು ಎಂದು ಕೇಳಿದೆ. ‘ಕೆಮಿಕಲ್, ಭಾಭೀ. ಎರಡು ನಿಮಿಷದ ಕೆಲಸ’ ಎಂದವನೇ ಬಟ್ಟೆಗೆ ಸುರಿದು ಉಜ್ಜತೊಡಗಿದ.

ಘಾಟು ಮನೆಯನ್ನೆಲ್ಲ ತುಂಬಿತು. ಒಳಗಿನ ಕೋಣೆಯಲ್ಲಿ ಅತ್ತೆ ಕೆಮ್ಮುತ್ತಾ ಎದ್ದು ಬಂದರು. ಅಡುಗೆಮನೆಯ ದೇವರ ಗೂಡಿನಲ್ಲಿ ಅವರು ಹಚ್ಚಿದ್ದ ದೀಪ ಉರಿಯುತ್ತಲೇ ಇತ್ತು. ‘ಮೊದಲು ದೀಪ ಶಾಂತ ಮಾಡಮ್ಮಾ’ ಎಂದು ಅವರೇ ಕೂಗಿದರು. ನಾನು ಅತ್ತ ಓಡಿದೆ. ಅಷ್ಟರಲ್ಲಿ ಹುಡುಗ ಬಾಟಲಿಯನ್ನು ಮುಚ್ಚಳ ಹಾಕದೆ ನೆಲದ ಮೇಲಿಟ್ಟು ಗೋಡೆಯ ಆ ತುದಿಗೆ ಹೋಗಿದ್ದ. ಮಗಳು ಅದನ್ನು ಎರಡೂ ಕೈಗಳಿಂದ ಎತ್ತಿ ಬಾಯಿಯ ಹತ್ತಿರ ತಂದಿದ್ದಳು. ಅತ್ತೆ ಕಿತ್ತುಕೊಂಡರು. ಒಂದು ಹನಿಯೂ ಒಳಗೆ ಹೋಗಲಿಲ್ಲ. ಅವರ ಕೈ ಅಂದು ತಡವಾಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಈಗಲೂ ಪೂರ್ತಿಯಾಗಿ ಯೋಚಿಸಲು ನನ್ನಿಂದಾಗುವುದಿಲ್ಲ.

ಆದರೆ ನೀವು ತಿಳಿದಿರಬೇಕು. ತಿನ್ನರ್, ಸೀಮೆಎಣ್ಣೆಯಂತಹ ತೆಳು ದ್ರವಗಳಿಂದ ಹೊಟ್ಟೆಗಿಂತ ಶ್ವಾಸಕೋಶಕ್ಕೆ ಅಪಾಯ ಹೆಚ್ಚು. ನುಂಗುವಾಗ ಸ್ವಲ್ಪ ಶ್ವಾಸನಾಳಕ್ಕೆ ಜಾರಿದರೂ ಶ್ವಾಸಕೋಶ ಊದಿಕೊಂಡು ಉಸಿರಾಟವೇ ಕಷ್ಟವಾಗುತ್ತದೆ. ಆದುದರಿಂದ ಮಗು ಕುಡಿದುಬಿಟ್ಟರೆ ವಾಂತಿ ಮಾಡಿಸಲೇಬಾರದು. ಉಪ್ಪುನೀರು ಕುಡಿಸಿ ಕಕ್ಕಿಸುವ ಹಳೆಯ ರೂಢಿ ಇಲ್ಲಿ ಘಾತಕ, ಏಕೆಂದರೆ ಮೇಲೆ ಬರುವಾಗ ಅದೇ ದ್ರವ ಮತ್ತೊಮ್ಮೆ ಶ್ವಾಸನಾಳಕ್ಕೆ ಇಳಿಯಬಹುದು. ಬಾಯಿ ಒರೆಸಿ, ತೊಯ್ದ ಬಟ್ಟೆ ಬಿಚ್ಚಿ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ನೇರವಾಗಿ ಆಸ್ಪತ್ರೆಗೆ ಹೊರಡಿ. 112ಕ್ಕೆ ಕರೆ ಮಾಡಿ. ಮಗು ಆಡಿಕೊಂಡಿದೆ, ಕೆಮ್ಮಿಲ್ಲ ಎಂದು ಮನೆಯಲ್ಲೇ ಕಾಯಬೇಡಿ, ತೊಂದರೆ ಕೆಲವು ಗಂಟೆಗಳ ನಂತರವೂ ಕಾಣಿಸಿಕೊಳ್ಳಬಹುದು.

ಬೆಂಕಿಯ ಮಾತು ಬೇರೆ. ತಿನ್ನರಿನ ಆವಿ ಗಾಳಿಗಿಂತ ಭಾರವಾದದ್ದು, ನೆಲದ ಮಟ್ಟದಲ್ಲಿ ಹರಡುತ್ತದೆ. ಮಕ್ಕಳು ಕುಳಿತು ಆಡುವುದೂ ಅಲ್ಲೇ. ಆ ಆವಿ ಗ್ಯಾಸ್ ಒಲೆಗೋ ದೀಪಕ್ಕೋ ತಲುಪಿದರೆ ಹೊತ್ತಿಕೊಳ್ಳುತ್ತದೆ, ಸ್ವಿಚ್ಚಿನ ಕಿಡಿಯೂ ಸಾಕು. ಹಾಗಾಗಿ ಘಾಟು ತುಂಬಿದಾಗ ಫ್ಯಾನು, ದೀಪಗಳ ಸ್ವಿಚ್ಚು ಮುಟ್ಟದೆ ಮೊದಲು ಬಾಗಿಲು ಕಿಟಕಿ ತೆರೆದು ಎಲ್ಲರೂ ಹೊರಗೆ ಹೋಗಬೇಕು. ನಾವು ಮಳೆ ಒಳಗೆ ಬಂದರೂ ಸರಿ ಎಂದು ಎಲ್ಲವನ್ನೂ ತೆರೆದಿಟ್ಟು ಎದುರು ಮನೆಯ ಕಾಕೂ ಅವರಲ್ಲಿ ಕುಳಿತೆವು. ಅತ್ತೆಯ ಉಬ್ಬಸ ಇಳಿಯಲು ರಾತ್ರಿಯಾಯಿತು.

ಇಷ್ಟೆಲ್ಲ ಆಗಿ ಗೋಡೆಯಾದರೂ ಶುಚಿಯಾಯಿತೇ? ಇಲ್ಲ. ಕ್ರೇಯಾನ್ ಎಂದರೆ ಹೆಚ್ಚಿನ ಪಾಲು ಪ್ಯಾರಾಫಿನ್ ಮೇಣ, ಅದಕ್ಕೆ ಬೆರೆಸಿದ ಬಣ್ಣದ ಪುಡಿ. ತಿನ್ನರ್ ಮೇಣವನ್ನು ಕರಗಿಸುತ್ತದೆ, ನಿಜ. ಆದರೆ ಗೋಡೆಯ ಬಣ್ಣವನ್ನು ಹಿಡಿದಿಟ್ಟಿರುವ ಅಂಟನ್ನೂ ಕರಗಿಸುತ್ತದೆ. ನಮ್ಮದು ಡಿಸ್ಟೆಂಪರ್ ಬಳಿದ ಗೋಡೆ. ಗೀಟುಗಳಿದ್ದಲ್ಲಿ ಈಗ ಅಂಗೈಯಗಲದ ನೇರಳೆ ಕಲೆಗಳಿವೆ, ನಡುನಡುವೆ ಪುಟ್ಟಿ ಕಾಣಿಸುತ್ತಿದೆ. ಸಾಲದೆಂಬಂತೆ, ಅಡುಗೆಮನೆಯ ಟೈಲ್ಸ್ ಮೇಲಿದ್ದ ಗೀಟಿಗೆ ಅವನು ಆಸಿಡ್ ಕೂಡ ತಂದಿದ್ದ. ಆಸಿಡ್ ಮೇಣಕ್ಕೆ ಏನೂ ಮಾಡುವುದಿಲ್ಲ, ಟೈಲ್ಸ್ ಸಂದಿನ ಸಿಮೆಂಟನ್ನು ತಿನ್ನುತ್ತದೆ. ಅದೇ ಚೀಲದಲ್ಲಿ ಬ್ಲೀಚ್ ಕೂಡ ಇತ್ತು. ಅವೆರಡೂ ಬೆರೆತರೆ ಕ್ಲೋರಿನ್ ಅನಿಲ ಹುಟ್ಟುತ್ತದೆ. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಾಟಲಿಯಲ್ಲಿ ಏನಿದೆ ಎಂದು ಅವನಿಗೂ ಯಾರೂ ಹೇಳಿರಲಿಲ್ಲ, ಕೈಗವಸು ಸಹ ಇಲ್ಲದೆ ಆ ವಿಷದಲ್ಲಿ ಬರಿಗೈ ಅದ್ದುತ್ತಿದ್ದ. ಸಿಟ್ಟಿರುವುದು ಅವನನ್ನು ಹಾಗೆ ಕಳುಹಿಸಿದವರ ಮೇಲೆ.

ಕ್ರೇಯಾನ್ ಗೀಟಿಗೆ ಬೇಕಾದದ್ದು ಬಹಳ ಸಾಮಾನ್ಯ ವಸ್ತುಗಳು. ಮೊದಲು ಗೋಡೆ ಯಾವುದೆಂದು ನೋಡಿ. ಬಾಗಿಲ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆಗೆ ಗೋಡೆಯ ಬಣ್ಣ ಹತ್ತಿದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ, ಅಲ್ಲಿ ನೀರು ಬೇಡ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚಿನಿಂದ ಮೇಣವನ್ನು ಮೆಲ್ಲಗೆ ಕೆರೆದು, ಉಳಿದದ್ದನ್ನು ಶಾಲೆಯ ಬಿಳಿ ರಬ್ಬರಿನಿಂದ ತಿಕ್ಕಿ. ತೊಳೆಯಬಹುದಾದ ಎಮಲ್ಷನ್ ಬಣ್ಣವಾದರೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವದ ಕೆಲವು ಹನಿ ಹಾಕಿ ಮೃದುವಾದ ಬಟ್ಟೆಯಿಂದ ಒರೆಸಿ. ಹೋಗದಿದ್ದರೆ ಒದ್ದೆ ಬಟ್ಟೆಗೆ ಚಿಟಿಕೆ ಅಡುಗೆ ಸೋಡಾ, ಒತ್ತಿ ಉಜ್ಜದೆ. ಬಿಳಿಯ ಮ್ಯಾಜಿಕ್ ಸ್ಪಂಜು ಕೆಲಸ ಮಾಡುತ್ತದೆ, ಆದರೆ ಅದು ನಯವಾದ ಮರಳು ಕಾಗದವಿದ್ದಂತೆ. ಹೊಳಪಿಲ್ಲದ ಬಣ್ಣದ ಮೇಲೆ ಉಜ್ಜಿದ ಜಾಗ ಮಾತ್ರ ಮಿರುಗುತ್ತಾ ಎದ್ದು ಕಾಣುತ್ತದೆ.

ಟೈಲ್ಸ್, ಗಾಜು, ಸ್ಟೀಲಿಗೆ ಕೊಬ್ಬರಿ ಎಣ್ಣೆ ಸಾಕು, ಆಮೇಲೆ ಸೋಪಿನ ನೀರು. ಗೋಡೆಗೆ ಮಾತ್ರ ಎಣ್ಣೆ ಮುಟ್ಟಿಸಬೇಡಿ, ಅದೇ ಹೊಸ ಕಲೆಯಾಗುತ್ತದೆ. ಪ್ಲಾಸ್ಟಿಕ್ ಕುರ್ಚಿ, ಸ್ವಿಚ್ ಬೋರ್ಡು, ಟಿವಿಗೆ ಉಗುರುಬಣ್ಣ ತೆಗೆಯುವ ದ್ರವ ಹಚ್ಚಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಹಲವು ಬಗೆಯ ಪ್ಲಾಸ್ಟಿಕ್ ಮಂಕಾಗುತ್ತದೆ, ಕರಗಲೂಬಹುದು. ಕೊನೆಗೂ ಬಣ್ಣ ಬಳಿಸಲೇಬೇಕಾದರೆ ಮೇಣವನ್ನು ಪೂರ್ತಿ ಕೆರೆಸಿ, ಪ್ರೈಮರ್ ಹಾಕಿಸಿಯೇ ಬಳಿಸಿ. ಮೇಣದ ಮೇಲೆ ನೀರಿನ ಬಣ್ಣ ಹಿಡಿಯುವುದಿಲ್ಲ.

ಸಂಸ್ಥೆಯವರಿಗೆ ಫೋನ್ ಮಾಡಿದರೆ ‘ನಿಮ್ಮ ಗೋಡೆಯ ಬಣ್ಣವೇ ಹಳೆಯದಾಗಿತ್ತು’ ಎಂಬ ಉತ್ತರ ಬಂತು. ಬಾಟಲಿಯ ಬಗ್ಗೆ ಒಂದು ಮಾತಿಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ ದೂರು ಬರೆಸಿದ್ದೇವೆ. ಅಲ್ಲಿ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಕೆಲಸಕ್ಕೆ ಮುಂಚಿನ ಗೋಡೆಯ ಚಿತ್ರ, ಬಿಲ್ಲು, ಮಗು ಮತ್ತು ಅತ್ತೆಯ ವಿಷಯ ತಿಳಿಸಿದ್ದ ಸಂದೇಶ ನಮ್ಮ ಬಳಿ ಇರುವುದರಿಂದ ಅವರು ಇಲ್ಲವೆನ್ನುವಂತಿಲ್ಲ. ನೀವೂ ಯಾರನ್ನಾದರೂ ಕರೆಸುವ ಮುನ್ನ ಯಾವ ದ್ರವ ಬಳಸುತ್ತಾರೆಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಕಂಪನಿಯ ಚೀಟಿಯಿರುವ ಡಬ್ಬಿಯಲ್ಲದೆ ಬೇರೆ ಯಾವುದನ್ನೂ ಹೊಸ್ತಿಲು ದಾಟಲು ಬಿಡಬೇಡಿ.